ಕಳಿಸುವ ಬಟನ್ ಯಾವುದು.

ಆಸ್ಪತ್ರೆಯಲ್ಲಿ ಅವಳು ‘ವೆಬ್‌ಸೈಟ್ ಮೇಡಂ’. ಮನೆಯಲ್ಲಿ, ಬೀದಿಯಲ್ಲಿ, ಕೆಳಗಿನ ಹೊಲಿಗೆ ಅಂಗಡಿಯಲ್ಲಿ ಮಾತ್ರ ಚುಕ್ಕಿ. ಆ ಹೆಸರು ಅಂಟಿಕೊಂಡದ್ದು ಏಳನೆಯ ವಯಸ್ಸಿನಲ್ಲಿ, ಬಣ್ಣದ ಡಬ್ಬಿಗಳ ನಡುವೆ.

ಅವಳ ಅಪ್ಪ ಬೋರ್ಡು ಬರೆಯುವವನು. ಔಷಧದ ಅಂಗಡಿ, ಶಾಲೆ, ವಕೀಲರ ಕಚೇರಿ, ಬಸ್ ನಿಲ್ದಾಣ, ಊರಿನಲ್ಲಿ ಎತ್ತ ತಲೆಯೆತ್ತಿದರೂ ಅವನ ಅಕ್ಷರ. ತಾಯಿಯಿಲ್ಲದ ಮಗುವನ್ನು ಮನೆಯಲ್ಲಿ ಒಂಟಿಯಾಗಿ ಬಿಡಲಾರದೆ ಏಣಿಯ ಬುಡದಲ್ಲಿ ಕೂರಿಸಿಕೊಳ್ಳುತ್ತಿದ್ದ. ಕೈ ಸುಮ್ಮನಿರದ ಆ ಮಗುವಿಗೆ ಒಂದು ಸಣ್ಣ ಕುಂಚ ಕೊಟ್ಟು, ಅಕ್ಷರವೆಲ್ಲ ಮುಗಿದ ಮೇಲೆ ಚುಕ್ಕಿ ಇಡುವ ಕೆಲಸ ವಹಿಸಿದ. ಡಾಕ್ಟರುಗಳ ಬೋರ್ಡು ಬಂದರೆ ಅವಳಿಗೆ ಸುಗ್ಗಿ. ಪದವಿಗಳ ನಡುವೆ ಇಡಬೇಕಾದ ಚುಕ್ಕಿಗಳಿಗೆ ಕೊನೆಯೇ ಇರುತ್ತಿರಲಿಲ್ಲ.

“ನೋಡು, ಮನುಷ್ಯ ಓದಿದಷ್ಟೂ ಚುಕ್ಕಿ ಜಾಸ್ತಿ. ಊರಲ್ಲಿ ಓದಿದೋರು ಇರೋತನಕ ನಿನಗೆ ಕೆಲಸ ಇದೆ,” ಎಂದು ಅಪ್ಪ ನಗುತ್ತಿದ್ದ.

ಚುಕ್ಕಿಯ ವಿಷಯದಲ್ಲಿ ಅವನದೊಂದು ಹಟವೂ ಇತ್ತು. ಸಾಲು ಮುಗಿದ ಕಡೆ ಅದು ಇರಲೇಬೇಕು. ‘ಹಿಟ್ಟಿನ ಗಿರಣಿ’ ಎಂಬ ಎರಡು ಪದದ ಬೋರ್ಡಿಗೂ ಕೊನೆಗೊಂದು ಚುಕ್ಕಿ. “ಬೋರ್ಡಿಗೆ ಯಾರಾದ್ರೂ ಚುಕ್ಕಿ ಇಡ್ತಾರಾ ಪೇಂಟರಣ್ಣ?” ಎಂದು ಗಿರಣಿಯವನು ಮೂಗು ಮುರಿದಾಗ ಅಪ್ಪ ಕುಂಚ ಒರೆಸುತ್ತ, “ಮಾತು ಮುಗೀತು ಅಂತ ಓದೋನಿಗೆ ಗೊತ್ತಾಗ್ಬೇಕಲ್ಲ. ಇಲ್ಲಾಂದ್ರೆ ಇನ್ನೂ ಏನೋ ಇದೆ ಅಂತ ಪಾಪ ಕಾಯ್ತಾ ನಿಂತಿರ್ತಾನೆ,” ಎಂದಿದ್ದ.

ಅವನ ಕಟ್ಟಳೆಗಳು ಒಂದೆರಡಲ್ಲ. ಬರೆದು ಮುಗಿಸಿದ ಮೇಲೆ ರಸ್ತೆ ದಾಟಿ ಆಚೆ ನಿಂತು ನೋಡಬೇಕು. ಅಲ್ಲಿಗೆ ಕಾಣದ ಅಕ್ಷರ ಅಕ್ಷರವೇ ಅಲ್ಲ. ಬಿಳಿಯ ಮೇಲೆ ತೆಳು ಹಳದಿ ಬರೆಯಿರಿ ಎಂದವರಿಗೆ, “ಹಾಲಲ್ಲಿ ಸುಣ್ಣ ಹುಡುಕೋಕೆ ಗಿರಾಕಿ ಬರ್ತಾನಾ?” ಎಂದು ಕೇಳುತ್ತಿದ್ದ. ಬಾಣದ ಗುರುತು ಹಾಕಿದರೆ ಬಾಣ ತೋರಿದತ್ತ ತಾನೇ ನಡೆದು ಹೋಗಿ, ದಾರಿ ನಿಜಕ್ಕೂ ಇದೆಯೇ ಎಂದು ನೋಡಿ ಬರುತ್ತಿದ್ದ. ಅಂಗಡಿಯೊಂದು ಬೇರೆ ಬೀದಿಗೆ ಹೋದರೆ, ಯಾರೂ ಕೇಳದಿದ್ದರೂ, ‘ಇಂಥ ಕಡೆ ಹೋಗಿದ್ದೇವೆ.’ ಎಂಬ ಹಲಗೆಯನ್ನು ಹಳೆಯ ಬಾಗಿಲಿಗೆ ತೂಗುಹಾಕುತ್ತಿದ್ದ. “ಬೋರ್ಡು ಇರೋದು, ಕೇಳೋಕೆ ಯಾರೂ ಸಿಗದೇ ಇರೋನಿಗೆ,” ಎಂಬುದು ಅವನು ಅವಳಿಗೆ ಕಲಿಸಿದ ಮೊದಲ ಪಾಠ. ಆಮೇಲೆ ಕಲಿಸಿದ್ದೆಲ್ಲ ಅದರ ಬಾಲ.

ಅವಳು ಕಾಲೇಜು ಮುಗಿಸುವ ಹೊತ್ತಿಗೆ ಅಪ್ಪನ ಸಾಲುಗಳು ಬಲಗಡೆಗೆ ಇಳಿಯತೊಡಗಿದವು. ಮೊದಲು ಏಣಿಯನ್ನು ಬೈದ, ಆಮೇಲೆ ಕುಂಚವನ್ನು. ಒಂದು ದಿನ ಶಾಲೆಯ ಗೋಡೆಯ ಮೇಲೆ ‘ಮೌನವಾಗಿರಿ.’ ಎಂದು ಬರೆದು ರಸ್ತೆಯಾಚೆ ಹೋಗಿ ನಿಂತವನು ತಿರುಗಿ ಬರಲೇ ಇಲ್ಲ. ಅವಳು ಹೋಗಿ ನೋಡಿದರೆ ಕೈಕಟ್ಟಿ ನಿಂತಿದ್ದ. “ನೀನೇ ಓದಿ ಹೇಳು ಚುಕ್ಕಿ. ನನಗೆ ಅಲ್ಲಿ ಗೋಡೆ ಮಾತ್ರ ಇದೆ,” ಎಂದ.

ಕಣ್ಣಿನೊಳಗಿನ ಒತ್ತಡ ಏರುವ ಕಾಯಿಲೆ. ಸದ್ದಿಲ್ಲದೆ ಬಂದು ಅಂಚಿನಿಂದ ನೋಟವನ್ನು ತಿಂದುಕೊಂಡು ಬಂದಿತ್ತು. ಐದು ವರ್ಷದಲ್ಲಿ ಬಲಗಣ್ಣು ಪೂರ್ತಿ ಹೋಯಿತು. ಎಡಗಣ್ಣಿನಲ್ಲಿ ಬೆಳಕು ಮಾತ್ರ ಉಳಿಯಿತು. ಆಕಾರವಿಲ್ಲ, ಬಣ್ಣವಿಲ್ಲ, ಬೆಳಕು ಇದೆ, ಇಲ್ಲ, ಅಷ್ಟೇ. ಮಹಡಿಯ ಆ ಒಂದೂವರೆ ಕೋಣೆಯ ಮನೆಯಲ್ಲಿ ಕಿಟಕಿ ಎಲ್ಲಿದೆ, ಬಾಗಿಲು ತೆರೆದಿದೆಯೋ ಮುಚ್ಚಿದೆಯೋ, ಹೊತ್ತು ಎಷ್ಟಾಯಿತು, ಎಲ್ಲವನ್ನೂ ಅವನು ಆ ಒಂದು ಚೂರು ಬೆಳಕಿನಿಂದಲೇ ಅಳೆಯುತ್ತಿದ್ದ. ಬಾಗಿಲಿಗೆ ಎದುರಾಗಿ ಕುರ್ಚಿ ಹಾಕಿ ಕೂತಿರುತ್ತಿದ್ದ. ಸಂಜೆ ಅವಳು ಮೆಟ್ಟಿಲು ಹತ್ತಿ ಹೊಸ್ತಿಲಲ್ಲಿ ನಿಂತೊಡನೆ, ಅವಳು ಚಪ್ಪಲಿ ಬಿಡುವ ಮೊದಲೇ, ಅಪ್ಪ ಹೇಳುತ್ತಿದ್ದ: “ಬೆಳಕು ಕಟ್ಟಬೇಡ, ಒಳಗೆ ಬಾ.”

ದಿನವೂ ಅದೇ ಮಾತು. ಹದಿನೈದು ವರ್ಷಕ್ಕೆ ಕೊಂಚ ಕಡಿಮೆ.

ಅವಳಿಗೆ ಆಸ್ಪತ್ರೆಯಲ್ಲಿ ಕೆಲಸ ಸಿಕ್ಕಿದ್ದು ದಾಖಲೆ ಕೋಣೆಯಲ್ಲಿ, ಬೆರಳಚ್ಚಿಗೆ. ಆಸ್ಪತ್ರೆಗೊಂದು ವೆಬ್‌ಸೈಟ್ ಇತ್ತು. ಯಾರೋ ಮಾಡಿಕೊಟ್ಟು ಹೋಗಿದ್ದರು, ಯಾರೂ ನೋಡಿಕೊಳ್ಳುತ್ತಿರಲಿಲ್ಲ. ತೀರಿಹೋದ ಡಾಕ್ಟರೊಬ್ಬರು ಅದರಲ್ಲಿ ಇನ್ನೂ ಮಂಗಳವಾರ ಬೆಳಿಗ್ಗೆ ರೋಗಿಗಳನ್ನು ನೋಡುತ್ತಿದ್ದರು. ಅದನ್ನು ಕಂಡು ತಡೆಯಲಾರದೆ, ಅವರ ಹೆಸರು ತೆಗೆಸಲು ಯಾರನ್ನು ಕೇಳಬೇಕು ಎಂದು ಅವಳು ಮ್ಯಾನೇಜರ್ ಕೋಣೆಗೆ ಹೋದಳು. ಮ್ಯಾನೇಜರ್ ಕಡತದಿಂದ ತಲೆಯೆತ್ತದೆ, “ನಿಮ್ಮನ್ನೇ ಕೇಳಬೇಕು ಕಣಮ್ಮ, ಇವತ್ತಿಂದ,” ಎಂದರು. ಹಾಗೆ ಅವಳು ವೆಬ್‌ಸೈಟ್ ಮೇಡಂ ಆದಳು.

ಕಲಿಯಲು ಕೂತಾಗ ಅವಳಿಗೆ ಸಿಕ್ಕಿದ್ದು ಒಂದು ಮಾನದಂಡದ ಪಟ್ಟಿ. ವೆಬ್‌ಸೈಟ್ ಹೇಗಿರಬೇಕು, ಹೇಗೆ ನೋಡಿಕೊಳ್ಳಬೇಕು ಎಂದು ತಿಳಿದವರು ಕೂತು ಬರೆದ ನಿಯಮಗಳು. ಅಕ್ಷರಕ್ಕೂ ಹಿನ್ನೆಲೆಗೂ ಸಾಕಷ್ಟು ವ್ಯತ್ಯಾಸವಿರಲಿ. ಕೊಂಡಿ ಒತ್ತಿದರೆ ಹೇಳಿದ ಜಾಗಕ್ಕೇ ಹೋಗಲಿ. ಪುಟದ ವಿಳಾಸ ಬದಲಾದರೆ ಹಳೆಯ ವಿಳಾಸಕ್ಕೆ ಬಂದವರನ್ನು ಹೊಸದಕ್ಕೆ ಕಳಿಸಿ. ಚಿತ್ರ ಕಾಣದವರಿಗೆ ಅದರಲ್ಲೇನಿದೆ ಎಂದು ಮಾತಿನಲ್ಲಿ ಹೇಳಿ. ಅವಳು ಅದನ್ನು ಮನೆಗೆ ತಂದು ಒಂದೊಂದಾಗಿ ಓದಿದಳು. ಅಪ್ಪ ಕೊನೆಯವರೆಗೂ ಕೇಳಿ, “ಇದನ್ನ ಬರೆದೋರು ಯಾವ ಊರಲ್ಲಿ ಬೋರ್ಡು ಬರೀತಿದ್ರು?” ಎಂದ.

ತೆರೆಯ ಮೇಲಿರುವುದನ್ನು ಗಟ್ಟಿಯಾಗಿ ಓದಿ ಹೇಳುವ ತಂತ್ರಾಂಶವನ್ನು ಅವಳು ಮನೆಯ ಕಂಪ್ಯೂಟರಿಗೆ ಹಾಕಿಕೊಟ್ಟಳು. ಅದರ ಹೆಣ್ಣು ದನಿಗೆ ಅಪ್ಪ ‘ವಾಚಾಳಿ’ ಎಂದು ಹೆಸರಿಟ್ಟ. ಮೊದಲ ತಿಂಗಳು ಇಬ್ಬರಿಗೂ ಜಗಳ. “ಉಸಿರು ತಗೊಳ್ಳೇ ತಾಯಿ,” ಎಂದು ಅದಕ್ಕೆ ಕೈಮುಗಿಯುತ್ತಿದ್ದ. ಆರು ತಿಂಗಳಲ್ಲಿ ಅವನ ಬೆರಳುಗಳು ಕೀಲಿಗಳ ಮೇಲೆ ಕುಂಚದಷ್ಟೇ ಸಲೀಸಾಗಿ ಓಡಿದವು. ಹುಡುಕುವ ಪೆಟ್ಟಿಗೆಯಲ್ಲಿ ಒಂದೇ ಒಂದು ಪದ ಬರೆದರೂ ಕೊನೆಗೆ ಚುಕ್ಕಿ ಇಡುತ್ತಿದ್ದ. “ಅದು ಬೇಡ ಅಪ್ಪ, ಅಲ್ಲಿ ಯಾರೂ ಇಡಲ್ಲ,” ಎಂದರೆ, “ನಾನು ಇಡ್ತೀನಿ,” ಅಷ್ಟೇ.

ಅಂದಿನಿಂದ ಮನೆಯಲ್ಲೊಂದು ಪದ್ಧತಿ ಬೆಳೆಯಿತು. ಆಸ್ಪತ್ರೆಯ ಯಾವ ಹೊಸ ಪುಟವೂ ಜನರಿಗೆ ತೆರೆಯುವ ಮೊದಲು ಅಪ್ಪನ ಕಿವಿಗೆ ಬೀಳಬೇಕು. ಅವಳು ಪಕ್ಕದಲ್ಲಿ ಮೋಡ ಬಣ್ಣದ ನೋಟುಪುಸ್ತಕ ಹಿಡಿದು ಕೂರುವಳು. ಅಪ್ಪ ಕೇಳುವನು.

“‘ಇಲ್ಲಿ ಒತ್ತಿ’, ‘ಇಲ್ಲಿ ಒತ್ತಿ’, ‘ಇಲ್ಲಿ ಒತ್ತಿ’. ಎಲ್ಲಿ ಒತ್ತಲಮ್ಮ, ಈ ವಾಚಾಳಿ ಕತ್ತಾ?”

“ತಪ್ಪು ಬರ್ಕೊಂಡೆ. ಮುಂದೆ ಹೇಳು.”

“‘ಚಿತ್ರ ನಲವತ್ತೇಳು.’ ಯಾರದು?”

“ಹೊಸ ಹೆರಿಗೆ ವಾರ್ಡು ಅಪ್ಪ.”

“ಹಾಗಂತ ಹೇಳು ಮತ್ತೆ. ಕೂಸಿಗೊಂದು ಹೆಸರು ಇಡದೆ ನಲವತ್ತೇಳು ಅಂತ ಕರೀತಾರಾ?”

ಈ ಕಿವಿಪರೀಕ್ಷೆಗೆ ಮ್ಯಾನೇಜರಾಗಲಿ ಸಂಬಳಪಟ್ಟಿಯಾಗಲಿ ಸಾಕ್ಷಿಯಿರಲಿಲ್ಲ. ಆದರೆ ಆ ಆಸ್ಪತ್ರೆಯ ವೆಬ್‌ಸೈಟಿನಲ್ಲಿ ಕಣ್ಣಿಲ್ಲದವನೊಬ್ಬ ದಾರಿ ತಪ್ಪುವಂತಿರಲಿಲ್ಲ. ಅಪ್ಪನೇ ಅದಕ್ಕೆ ಪುರಾವೆ. ಪ್ರತಿ ತಿಂಗಳು ಕಣ್ಣಿನ ಒತ್ತಡ ನೋಡಿಸಲು ತನ್ನ ಟೋಕನನ್ನು ತಾನೇ ಹಾಕಿಕೊಳ್ಳುತ್ತಿದ್ದ. ಮಗಳು ಅಲ್ಲೇ ಕೆಲಸ ಮಾಡುತ್ತಾಳೆ, ಒಂದು ಮಾತು ಹೇಳಿದರೆ ಮುಗಿಯಿತು, ಊಹೂಂ. ಹೆಸರು, ಕಾರ್ಡಿನ ಸಂಖ್ಯೆ, ಯಾವ ಡಾಕ್ಟರು, ಯಾವ ದಿನ, ಆಮೇಲೆ ಒಂದು ಹೆಜ್ಜೆ ಮುಂದೆ ಹೋಗಿ ಒತ್ತಿದರೆ ಟೋಕನ್ ಹೋಯಿತು. ಹತ್ತು ನಿಮಿಷದಲ್ಲಿ ಫೋನಿಗೆ ಸಂದೇಶ ಬರುತ್ತಿತ್ತು. ಬಂದೊಡನೆ ಮೇಲಿನಿಂದಲೇ, “ಟೈಲರಕ್ಕ, ನಾಡಿದ್ದು ಏಳನೇ ನಂಬರು ನಂದು!” ಎಂದು ಕೂಗುತ್ತಿದ್ದ. ಕೆಳಗೆ ಹೊಲಿಗೆ ಯಂತ್ರದ ಮುಂದಿನ ಟೈಲರಕ್ಕ, “ಏನು ಪೇಂಟರಣ್ಣ, ಚುನಾವಣೆ ಗೆದ್ದೋರ ಹಾಗೆ ಕೂಗ್ತೀರಿ,” ಎಂದು ನಗುತ್ತಿದ್ದಳು.

ಡಾಕ್ಟರು ಪ್ರತಿ ಸಲವೂ ಹೇಳುತ್ತಿದ್ದುದು ಒಂದೇ ಮಾತು: ಉಳಿದ ಬೆಳಕನ್ನು ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ಕಾಯಬೇಕು. ಹನಿ ತಪ್ಪಿಸಬಾರದು. ನೋವು ಬಂದರೆ ಒಂದು ದಿನವೂ ತಡ ಮಾಡಬಾರದು.

ಆ ವರ್ಷ ಮ್ಯಾನೇಜರಿಗೆ ಹೊಸ ವೆಬ್‌ಸೈಟ್ ಬೇಕೆನಿಸಿತು. ಹೊರಗಿನ ಕಂಪನಿಯೊಂದು ಮಾಡಿಕೊಟ್ಟಿತು. ಪುಟದ ನೆತ್ತಿಯ ಮೇಲೆ ಜಾರುವ ಚಿತ್ರಗಳು, ಬಿಳಿಯ ಮೇಲೆ ಬೂದಿ ಬಣ್ಣದ ತೆಳು ಅಕ್ಷರ, ಪದಗಳಿದ್ದ ಕಡೆಯೆಲ್ಲ ಗುಂಡಗಿನ ಪುಟ್ಟ ಚಿತ್ರಗಳು.

“ಈಗಿನ ಕಾಲದಲ್ಲಿ ಯಾರು ಓದ್ತಾರಮ್ಮ? ನೋಡಿದ್ರೆ ತಿಳೀಬೇಕು,” ಎಂದರು ಮ್ಯಾನೇಜರ್.

“ನೋಡೋಕೆ ಆಗದೇ ಇರೋರಿಗೆ, ಸಾರ್?”

“ಅದಕ್ಕೇ ನೀವಿದೀರಲ್ಲ. ಸರಿಮಾಡಿ. ಇನ್ನೆರಡು ವಾರಕ್ಕೆ, ಸೋಮವಾರ ಉದ್ಘಾಟನೆ, ದೊಡ್ಡೋರು ಬರ್ತಾರೆ. ದಿನಾಂಕ ಮಾತ್ರ ಮುಂದಕ್ಕೆ ಹೋಗಲ್ಲ.”

ಹನ್ನೆರಡು ದಿನ ಅವಳೂ ಅಪ್ಪನೂ ಹೊಸ ಪುಟಗಳನ್ನು ಕೇಳಿದರು. ಹದಿನೇಳು ಪುಟ, ಮೂವತ್ತನಾಲ್ಕು ತಪ್ಪು. ಅವಳು ಹಗಲು ಕಂಪನಿಯವರೊಂದಿಗೆ ಕಾದಾಡಿ ತಿದ್ದಿಸುವಳು, ಸಂಜೆ ಅಪ್ಪ ಮತ್ತೆ ಎರಡು ಹುಡುಕುವನು. ಮೆಚ್ಚುವ ಒಂದು ಮಾತಿಲ್ಲ. ಶನಿವಾರದ ಹೊತ್ತಿಗೆ ಉಳಿದದ್ದು ಟೋಕನ್ ಹಾಕುವ ಪುಟವೊಂದೇ. ಆ ಸಂಜೆ ಅವಳು ಬಂದಾಗ ಅಪ್ಪ ಆಗಲೇ ಕಂಪ್ಯೂಟರಿನ ಮುಂದೆ ಕೂತಿದ್ದ. ಅವಳಿಗೂ ಒಂದು ಕುರ್ಚಿ ಎಳೆದಿಟ್ಟಿದ್ದ.

“ಹಾಕು, ಟೋಕನ್ ಪುಟ. ಅದೇ ಮುಖ್ಯ.”

ಅವಳ ತಲೆ ಸಿಡಿಯುತ್ತಿತ್ತು. ಇನ್ನೂ ಎರಡು ತಪ್ಪು ಸಿಕ್ಕಿದರೆ ಭಾನುವಾರ ತಿದ್ದಿಕೊಡುವವರಿಲ್ಲ. ತಪ್ಪಿದೆ ಎಂದು ಗೊತ್ತಿದ್ದೂ ತೆರೆಯಬೇಕಾಗುತ್ತದೆ. ಅದಕ್ಕಿಂತ ಗೊತ್ತಾಗದಿರುವುದೇ ಮೇಲು ಎಂದು ಒಂದು ಕ್ಷಣ, ಒಂದೇ ಕ್ಷಣ, ಅವಳಿಗೆ ಅನಿಸಿತು.

“ಅದನ್ನ ತಪ್ಪು ಹುಡುಕೋ ಯಂತ್ರದಲ್ಲಿ ಪರೀಕ್ಷೆ ಮಾಡಿದೀನಿ ಅಪ್ಪ. ನೂರಕ್ಕೆ ತೊಂಬತ್ತೆಂಟು. ಎಲ್ಲ ಸರಿ ಇದೆ.”

“ಯಂತ್ರ ಕೇಳುತ್ತಾ?”

“ಕೇಳುತ್ತೆ. ನಿನಗಿಂತ ಚೆನ್ನಾಗಿ ಕೇಳುತ್ತೆ. ನಿನ್ನ ಹಾಗೆ ಕೊಂಕು ಆಡಲ್ಲ.”

ಅಪ್ಪ ಅವಳಿಗೆಂದು ಎಳೆದಿಟ್ಟ ಕುರ್ಚಿಯನ್ನು ತಡಕಿ ಗೋಡೆಗೆ ಸರಿಸಿದ. “ಸರಿ ಬಿಡು. ನೂರಕ್ಕೆ ತೊಂಬತ್ತೆಂಟು ನಾನು ಯಾವತ್ತೂ ತಗೊಂಡಿಲ್ಲ,” ಎಂದ.

ಆ ಪುಟದ ಕೊನೆಯಲ್ಲಿ ಎರಡು ಗುಂಡು ಚಿತ್ರಗಳಿದ್ದವು. ಮೊದಲನೆಯದು ಸುತ್ತಿ ಬಂದ ಬಾಣ. ಒತ್ತಿದರೆ ಬರೆದದ್ದೆಲ್ಲ ಅಳಿಸಿಹೋಗುತ್ತಿತ್ತು. ಎರಡನೆಯದು ಸರಿ ಗುರುತು. ಒತ್ತಿದರೆ ಟೋಕನ್ ಹೋಗುತ್ತಿತ್ತು. ಪ್ರತಿ ಬಟನ್ನಿಗೂ ಓದಿ ಹೇಳುವಂಥ ಒಂದು ಹೆಸರಿರಬೇಕು ಎಂಬ ನಿಯಮ ಕಂಪನಿಯವರಿಗೂ ಗೊತ್ತಿತ್ತು. ಹಾಗಾಗಿ ಎರಡಕ್ಕೂ ಹೆಸರು ಕೊಟ್ಟಿದ್ದರು. ಎರಡರ ಹೆಸರೂ ‘ಬಟನ್’. ಪರೀಕ್ಷಿಸುವ ಯಂತ್ರ ಹೆಸರಿದೆಯೇ ಎಂದು ನೋಡಿತು, ಇತ್ತು, ಹಸಿರು ಗುರುತು ಹಾಕಿತು. ಆ ಹೆಸರಿನಿಂದ ಯಾರಿಗಾದರೂ ಏನಾದರೂ ತಿಳಿಯುತ್ತದೆಯೇ ಎಂದು ಕೇಳುವುದು ಅದರ ಕೆಲಸವಾಗಿರಲಿಲ್ಲ.

ಸೋಮವಾರ ಚಪ್ಪಾಳೆಯಾಯಿತು. ಅಂದಿನಿಂದ ಆಸ್ಪತ್ರೆಗೆ ಫೋನ್ ಮಾಡಿದವರಿಗೆ ಮೊದಲೇ ಮುದ್ರಿಸಿಟ್ಟ ಒಂದು ದನಿ ಕೇಳಿಸುತ್ತಿತ್ತು: ‘ಟೋಕನ್‌ಗಾಗಿ ದಯವಿಟ್ಟು ನಮ್ಮ ವೆಬ್‌ಸೈಟ್ ನೋಡಿ.’ ಆ ಸಾಲು ಬರೆದುಕೊಟ್ಟವಳೂ ಅವಳೇ. ಬುಧವಾರ ಬೆಳಿಗ್ಗೆ ಅವಳನ್ನು ಮೂರು ದಿನದ ಮಟ್ಟಿಗೆ ಬೇರೆ ಊರಿನ ಆಸ್ಪತ್ರೆಗೆ ಕಳಿಸಿದರು, ಅಲ್ಲಿಯವರಿಗೆ ವೆಬ್‌ಸೈಟ್ ನೋಡಿಕೊಳ್ಳುವ ಕೆಲಸ ಕಲಿಸಿಕೊಡಲು.

ಬುಧವಾರ ಸಂಜೆ ಫೋನ್ ಮಾಡಿದಾಗ ಅಪ್ಪ, “ಊಟ ಆಯ್ತು. ಸ್ವಲ್ಪ ತಲೆನೋವು, ಬಿಸಿಲಿಗೆ ಇರಬೇಕು,” ಎಂದ. ಗುರುವಾರ ಸಂಜೆ, “ನೀನು ಕೆಲಸ ನೋಡ್ಕೊ. ನನಗೇನಾಗಿದೆ, ಗುಂಡುಕಲ್ಲಿನ ಹಾಗಿದೀನಿ,” ಎಂದ. ದನಿ ಬಾವಿಯೊಳಗಿಂದ ಬಂದಂತಿತ್ತು. ಅವಳು ಫೋನಿನ ದೋಷವೆಂದುಕೊಂಡಳು. ಶುಕ್ರವಾರ ಬೆಳಿಗ್ಗೆ ಪಾಠದ ನಡುವೆ ಟೈಲರಕ್ಕನ ಕರೆ ಬಂತು.

ಅವಳು ಬಂದು ಮುಟ್ಟಿದಾಗ ಮಧ್ಯಾಹ್ನ. ಕಣ್ಣಿನ ವಿಭಾಗದ ಹೊರಗಿನ ಬೆಂಚಿನಲ್ಲಿ ಟೈಲರಕ್ಕ ಅಳತೆಪಟ್ಟಿಯನ್ನು ಕೊರಳಿಂದ ತೆಗೆಯದೆಯೇ ಕೂತಿದ್ದಳು.

“ನಿನ್ನೆಯಿಂದ ಹೇಳ್ತಿದೀನಿ ಕಣೆ, ಡಾಕ್ಟರ್ ಹತ್ರ ಹೋಗೋಣ ಪೇಂಟರಣ್ಣ ಅಂತ. ‘ಟೋಕನ್ ಹಾಕಿದೀನಿ ಅಕ್ಕ, ಸಂದೇಶ ಬರುತ್ತೆ’ ಅಂತಾರೆ. ಬಂದಿಲ್ವಲ್ಲ ಅಂದ್ರೆ, ‘ಬರುತ್ತೆ, ಅದು ನನ್ನ ಮಗಳ ಬೋರ್ಡು, ಸುಳ್ಳು ಹೇಳಲ್ಲ’ ಅಂತಾರೆ. ನಿನಗೆ ಫೋನ್ ಮಾಡ್ತೀನಿ ಅಂದ್ರೆ ಆಣೆ ಹಾಕಿಬಿಟ್ರು. ಬೆಳಿಗ್ಗೆ ವಾಂತಿ ಸದ್ದು ಕೇಳಿ ಓಡಿಹೋದೆ. ಆಮೇಲೆ ಯಾವ ಟೋಕನ್ನು, ಎತ್ಕೊಂಡೇ ಬಂದ್ವಿ.”

ಡಾಕ್ಟರು ಅಡ್ಡಗೋಡೆಯ ಮೇಲೆ ದೀಪವಿಟ್ಟಂತೆ ಮಾತಾಡುವವರಲ್ಲ. ಒತ್ತಡ ಒಮ್ಮೆಲೇ ಏರಿದೆ, ಈಗ ಇಳಿಸಿದ್ದೇವೆ, ನೋವು ಹೋಗುತ್ತದೆ ಎಂದರು. ಬೆಳಕು ಹೋಗಿದೆ. ಬುಧವಾರವೇ ಬಂದಿದ್ದರೆ ಉಳಿಯುತ್ತಿತ್ತೇ ಎಂದು ಅವಳು ಕೇಳಿದಳು. ಅವರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. “ಉಳಿಸೋ ಪ್ರಯತ್ನ ಮಾಡಬಹುದಿತ್ತು,” ಎಂದರು.

ಸಂಜೆ ವಾರ್ಡಿನಲ್ಲಿ ಅವಳು ಅಪ್ಪನನ್ನು ಬೈದಳು. ದುಃಖಕ್ಕೆ ಬೇರೆ ಬಾಯಿ ಸಿಗದೆ ಅದು ಬೈಗುಳವಾಗಿ ಬಂತು. “ಟೋಕನ್ ಪಟ್ಟಿ ನೋಡಿದೆ. ನಿನ್ನ ಹೆಸರೇ ಇಲ್ಲ. ಹಾಕದೆ ಹಾಕಿದೀನಿ ಅಂತ ಕೂತಿದ್ಯಾ? ನನಗೊಂದು ಫೋನ್ ಮಾಡಿದ್ರೆ ನಿನ್ನ ಗಂಟೇನು ಹೋಗ್ತಿತ್ತು? ಹಟ, ಹಟ. ಹಟಕ್ಕೆ ಕಣ್ಣು ಕೊಟ್ಟೆ.”

ಕಣ್ಣಿಗೆ ಬಟ್ಟೆ ಕಟ್ಟಿಕೊಂಡು ಮಲಗಿದ್ದ ಅಪ್ಪ, “ಹಾಕಿದೀನಿ ಅನ್ಕೊಂಡಿದ್ದೆ ಚುಕ್ಕಿ. ಮರೆತಿರಬೇಕು,” ಎಂದ. “ವಯಸ್ಸಾಯ್ತು.”

ಮನೆಗೆ ಬಂದ ಮೇಲೆ ಅಪ್ಪ ಬದಲಾದ. ಕತ್ತಲೆ ಅವನಿಗೆ ಅಷ್ಟು ಹೊಸದಲ್ಲ, ಬದಲಾದದ್ದು ಬೇರೆ. ಹನಿಯ ಔಷಧ ಹಾಕಿಕೊಂಡ ಮೇಲೆ ಶೀಸೆಯ ಕೊರಳಿಗೆ ದಾರ ಸುತ್ತಿ ಗಂಟು ಹಾಕುತ್ತಿದ್ದ, ಹಾಕಿಕೊಂಡದ್ದು ಮರೆಯದಿರಲಿ ಎಂದು. ಒಲೆ ಆರಿಸಿ ಮೂರು ಸಲ ಹೋಗಿ ಮುಟ್ಟಿ ನೋಡುತ್ತಿದ್ದ. ಅವಳು ಏನಾದರೂ ಹೇಳಿದರೆ, “ಇದನ್ನ ನಿನ್ನೇನೂ ಹೇಳಿದ್ಯಾ?” ಎಂದು ಅಂಜುತ್ತ ಕೇಳುತ್ತಿದ್ದ. ಒಂದು ದಿನ ಟೈಲರಕ್ಕನ ಹತ್ತಿರ, “ಕಣ್ಣು ಹೋದ ದಾರಿಲೇ ತಲೆನೂ ಹೊರಟಿದೆ ಅಕ್ಕ. ಚುಕ್ಕಿಗೆ ಹೇಳಬೇಡ,” ಎಂದನಂತೆ. ಕಂಪ್ಯೂಟರಿನ ಮೇಲೆ ಹಳೆಯ ಟವೆಲ್ ಹೊದಿಸಿಟ್ಟ. ಹೊಸ ಪುಟ ಕೇಳು ಎಂದರೆ, “ನಿನ್ನ ಯಂತ್ರ ಇದೆಯಲ್ಲಮ್ಮ,” ಎನ್ನುತ್ತಿದ್ದ. ಕೊಂಕಿಲ್ಲದೆ, ನಿಜವಾಗಿಯೇ.

ಮೂರು ತಿಂಗಳಿಗೊಮ್ಮೆ ವೆಬ್‌ಸೈಟಿನ ವರದಿ ತೆಗೆಯುವುದು ಅವಳದೇ ನಿಯಮ. ಎಷ್ಟು ಜನ ಬಂದರು, ಯಾವ ಪುಟದಲ್ಲಿ ಎಡವಿದರು, ಹುಡುಕುವ ಪೆಟ್ಟಿಗೆಯಲ್ಲಿ ಏನು ಕೇಳಿ ಏನು ಸಿಗದೆ ಹೋದರು. ಜನ ಹುಡುಕಿ ಸಿಗದೆ ಹೋದ ಮಾತುಗಳ ಪಟ್ಟಿಯೇ ಅತಿ ಮುಖ್ಯವಾದದ್ದು ಎಂದು ಅವಳು ಕಲಿಸಲು ಹೋದಾಗಲೆಲ್ಲ ಹೇಳುತ್ತಿದ್ದಳು. ಒಂದು ಬೆಳಿಗ್ಗೆ ದಾಖಲೆ ಕೋಣೆಯ ಮೂಲೆಯ ತನ್ನ ಮೇಜಿನಲ್ಲಿ ಕೂತು ಆ ಪಟ್ಟಿಯನ್ನು ಮೇಲಿನಿಂದ ಕೆಳಗೆ ಓದುತ್ತ ಬಂದಳು. ‘ರಕ್ತ ಪರೀಕ್ಷೆ ಸಮಯ’. ‘ಮಕ್ಕಳ ಡಾಕ್ಟರ್ ರಜೆ’. ‘ವಾಹನ ನಿಲುಗಡೆ’. ಆಮೇಲೆ ಆ ಬುಧವಾರದ ಸಾಲುಗಳು ಬಂದವು.

‘ಟೋಕನ್ ಸಂದೇಶ ಬಂದಿಲ್ಲ.’

‘ಕಣ್ಣು ನೋವು.’

ಗುರುವಾರ ಬೆಳಿಗ್ಗೆ ಆರೂ ಹತ್ತಕ್ಕೆ: ‘ಕಳಿಸುವ ಬಟನ್ ಯಾವುದು.’

ಪಕ್ಕದ ಅಂಕಣದಲ್ಲಿ, ಸಿಕ್ಕ ಉತ್ತರಗಳ ಸಂಖ್ಯೆ: ಸೊನ್ನೆ.

ಇಡೀ ಪಟ್ಟಿಯಲ್ಲಿ, ನೂರಾರು ಸಾಲುಗಳಲ್ಲಿ, ಕೊನೆಗೆ ಚುಕ್ಕಿ ಇದ್ದದ್ದು ಆ ಮೂರಕ್ಕೇ.

ಅವಳು ಕೂತಲ್ಲೇ ಕೂತಿದ್ದಳು. ಪಕ್ಕದ ಮೇಜಿನವಳು ಕಡತ ಕೇಳಿದಳು, ಇವಳು ತೆಗೆದುಕೊಟ್ಟಳು. ಆಮೇಲೆ ಆ ಮೂರು ದಿನದ ಟೋಕನ್ ಪುಟದ ದಾಖಲೆ ತೆರೆದಳು. ಯಾರು ಏನು ಬರೆದರೆಂದು ಅದು ಹೇಳುವುದಿಲ್ಲ, ಎಷ್ಟು ಹೊತ್ತಿಗೆ ಯಾವ ಬಟನ್ ಒತ್ತಿದರೆಂದು ಹೇಳುತ್ತದೆ. ಹುಡುಕಿದ ಆ ಹೊತ್ತುಗಳ ಹಿಂದೆಮುಂದೆ ಒಂದೇ ಮನೆಯಿಂದ ಹನ್ನೊಂದು ಸಲ ಪುಟ ತುಂಬಿತ್ತು. ಒಂದೊಂದಕ್ಕೂ ಏಳು ನಿಮಿಷ, ಒಂಬತ್ತು ನಿಮಿಷ. ಕೊನೆಕೊನೆಗೆ ಹದಿನಾಲ್ಕು ನಿಮಿಷ, ನೋವು ಏರಿದಂತೆ ಬೆರಳು ನಿಧಾನವಾಗಿರಬೇಕು. ಹನ್ನೊಂದು ಸಲವೂ ಮೊದಲ ಬಟನ್ ಒತ್ತಲಾಗಿತ್ತು. ಹಳೆಯ ಪುಟದಲ್ಲಿ ಅದೇ ಜಾಗದಲ್ಲಿ ಕಳಿಸುವ ಬಟನ್ ಇತ್ತಲ್ಲ. ಒತ್ತುತ್ತಲೂ ಎಲ್ಲ ಅಳಿಸಿಹೋಗಿದೆ, ವಾಚಾಳಿ ಏನೂ ಹೇಳಿಲ್ಲ, ಹೋಯಿತೆಂದುಕೊಂಡು ಅಪ್ಪ ಸಂದೇಶಕ್ಕೆ ಕಾದಿದ್ದಾನೆ. ನಡುವೆ ನಾಲ್ಕು ಸಲ ಸಂಶಯ ಬಂದು ಎರಡನೆಯ ಬಟನ್ನನ್ನೂ ಒತ್ತಿದ್ದಾನೆ. ಅಷ್ಟರಲ್ಲಿ ಪುಟ ಖಾಲಿ. ಖಾಲಿ ಪುಟ ಹೋಗದು ಎಂದು ತಿಳಿಸಲು ಕಂಪನಿಯವರು ಅಂಚಿಗೆ ಕೆಂಪು ಗೆರೆ ಎಳೆದಿದ್ದರು. ಗೆರೆ ಮಾತಾಡುವುದಿಲ್ಲ.

ಬಟನ್ನಿನ ಹೆಸರು ಬದಲಿಸಲು ಅವಳಿಗೆ ಬೇಕಾದದ್ದು ನಾಲ್ಕು ನಿಮಿಷ. ಕೆಂಪು ಗೆರೆಯ ಜೊತೆಗೆ ಓದಿ ಹೇಳುವ ಮಾತು ಸೇರಿಸಲು ಇನ್ನೊಂದಿಷ್ಟು. ಮುಗಿಸಿ, ಬಚ್ಚಲಿಗೆ ಹೋಗಿ ನಲ್ಲಿ ಬಿಟ್ಟುಕೊಂಡು ನಿಂತಳು. ಹೇಳದಿದ್ದರೆ ಯಾರಿಗೂ ತಿಳಿಯುವುದಿಲ್ಲ. ಅಪ್ಪನಿಗಂತೂ ತಿಳಿಯುವುದೇ ಇಲ್ಲ. ಅವನು ತನ್ನನ್ನೇ ತಪ್ಪಿತಸ್ಥ ಮಾಡಿಕೊಂಡು ಆ ಕಡತ ಮುಚ್ಚಿಬಿಟ್ಟಿದ್ದಾನೆ. ಹೇಳಿದರೆ ಹೋದ ಬೆಳಕು ಬಾರದು. ಹೇಳಿ ಗಾಯದ ಮೇಲೆ ಬರೆ ಎಳೆಯುವುದೇಕೆ ಎಂದು ನೀರಿನ ಸದ್ದಿನಲ್ಲಿ ಅಂದುಕೊಂಡಳು. ಆಗ ಶೀಸೆಯ ಕೊರಳಿನ ದಾರ ನೆನಪಾಯಿತು. ಗಂಟಿನ ಮೇಲೆ ಗಂಟು.

ಸಂಜೆ ಮನೆಗೆ ಹೋಗಿ ಕಂಪ್ಯೂಟರಿನ ಮೇಲಿನ ಟವೆಲ್ ತೆಗೆದಳು. ಗೋಡೆಗೆ ಸರಿಸಿದ್ದ ಕುರ್ಚಿಯನ್ನು ಎಳೆದುಕೊಂಡಳು.

“ಅಪ್ಪ, ಒಂದು ಪುಟ ಇದೆ. ಕೇಳು.”

“ಯಂತ್ರ...”

“ಯಂತ್ರ ಬೇಡ. ನೀನು ಕೇಳು. ಟೋಕನ್ ಪುಟ.”

ಅಪ್ಪ ಬಂದು ಕೂತ. ಬೆರಳುಗಳು ಮೂರು ತಿಂಗಳು ಬಿಟ್ಟ ಕೀಲಿಗಳನ್ನು ಒಂದೊಂದಾಗಿ ಮುಟ್ಟಿ ಗುರುತು ಹಿಡಿದವು. ಹೆಸರು. ಕಾರ್ಡಿನ ಸಂಖ್ಯೆ, ಅದನ್ನು ಅವನು ತಡವರಿಸದೆ ಒತ್ತಿದ. ಯಾವ ಡಾಕ್ಟರು. ಯಾವ ದಿನ. ಒಂದು ಹೆಜ್ಜೆ ಮುಂದೆ.

“‘ಬರೆದದ್ದನ್ನೆಲ್ಲ ಅಳಿಸಿ’, ಬಟನ್,” ಎಂದಳು ವಾಚಾಳಿ.

ಅಪ್ಪನ ಬೆರಳು ನಿಂತಿತು. ಇನ್ನೊಂದು ಹೆಜ್ಜೆ.

“‘ಟೋಕನ್ ಕಳಿಸಿ’, ಬಟನ್.”

ಅವನು ಹಿಂದಕ್ಕೆ ಹೋಗಿ ಮೊದಲನೆಯದನ್ನು ಮತ್ತೆ ಕೇಳಿದ. ಮತ್ತೆ ಎರಡನೆಯದನ್ನು.

“ಇದು ಮೊದಲು ಹೀಗಿತ್ತಾ?”

“ಇಲ್ಲ ಅಪ್ಪ. ಎರಡಕ್ಕೂ ‘ಬಟನ್’ ಅಂತಷ್ಟೇ ಇತ್ತು. ಇವತ್ತು ತಿದ್ದಿದೆ. ನೀನು ಹನ್ನೊಂದು ಸಲ ತುಂಬಿದೀಯ. ಹನ್ನೊಂದು ಸಲವೂ ಅಳಿಸಿಹೋಗಿದೆ. ನೀನು ಏನೂ ಮರೆತಿರಲಿಲ್ಲ.”

ಕೆಳಗಡೆ ಹೊಲಿಗೆ ಯಂತ್ರ ಓಡಿ ನಿಂತಿತು. ಅಪ್ಪ ಎರಡೂ ಕೈಗಳನ್ನು ತೊಡೆಯ ಮೇಲಿಟ್ಟುಕೊಂಡು ಕೂತಿದ್ದ. ಅವನು ಕೂಗಲಿ, ಶಪಿಸಲಿ, ಕೈಯೆತ್ತಿ ಒಂದು ಬಾರಿಸಲಿ ಎಂದು ಅವಳು ಕಾದಳು.

“ಹಾಗಾದ್ರೆ ನನ್ನ ತಲೆ ಸರಿ ಇದೆ,” ಎಂದ ಅಪ್ಪ. ಮೆಲ್ಲಗೆ, ನಂಬಲಾರದವನ ಹಾಗೆ. ಆಮೇಲೆ ಅವನ ಮುಖವೆಲ್ಲ ಸಡಿಲವಾಯಿತು. “ಸರಿ ಇದೆ. ಚುಕ್ಕಿ, ನನ್ನ ತಲೆ ಸರಿ ಇದೆ ಕಣೆ. ನಾನು ಹಾಕಿದ್ದೆ. ಹಾಕಿದ್ದೆ ಅಂತ ನನಗೆ ಗೊತ್ತಿತ್ತು!”

ಅವನು ನಗುತ್ತಿದ್ದ. ಅವಳು ಬಾಯಿಗೆ ಸೆರಗು ಒತ್ತಿಕೊಂಡಳು. ಅವನಿಗೆ ಸದ್ದು ಕೇಳಿಸಿರಬೇಕು, ನಗು ನಿಂತಿತು. ತಡಕಿ ಅವಳ ತಲೆ ಸಿಕ್ಕಿತು, ಅದರ ಮೇಲೆ ಕೈಯಿಟ್ಟ. ಎಷ್ಟೋ ಹೊತ್ತು ಹಾಗೇ ಇಟ್ಟುಕೊಂಡಿದ್ದ.

“ಅವತ್ತೇ ನಾನು ಕೇಳಿದ್ದಿದ್ರೆ ಹೇಳ್ತಿದ್ದೆ,” ಎಂದ.

ಅದರಲ್ಲಿ ಸಿಟ್ಟಿರಲಿಲ್ಲ. ಕೆಲಸ ಬಲ್ಲವನು ಕೆಲಸದ ಬಗ್ಗೆ ಆಡುವ ಮಾತು, ಅಷ್ಟೇ. ಅವಳು ಜೀವಮಾನವಿಡೀ ಹೊರಲಿಕ್ಕೆ ಅದೊಂದು ಸಾಕಾಯಿತು.

ಮಾರನೆಯ ದಿನದಿಂದ ಶೀಸೆಗೆ ದಾರ ಸುತ್ತುವುದು ನಿಂತಿತು. ಕಿವಿಪರೀಕ್ಷೆ ಮತ್ತೆ ಶುರುವಾಯಿತು. ಮೋಡ ಬಣ್ಣದ ನೋಟುಪುಸ್ತಕ ಮುಗಿದು ಹೊಸದು ಬಂತು. ಹೊಸ ಪುಟಗಳಿಗೆ ಅವಳು ಈಗ ಒಂದು ಷರತ್ತು ಬರೆಸಿದ್ದಾಳೆ: ಕಣ್ಣಿಲ್ಲದವರೊಬ್ಬರು ಕೇಳಿ ಒಪ್ಪದ ಪುಟ ತೆರೆಯುವಂತಿಲ್ಲ, ದಿನಾಂಕ ಮುಂದಕ್ಕೆ ಹೋದರೂ ಸರಿ. ಮ್ಯಾನೇಜರ್ ಕಾರಣ ಕೇಳಿದರು, ಅವಳು ಹೇಳಿದಳು. ಅವರು ಸಹಿ ಹಾಕಿದರು.

ಅಪ್ಪ ಈಗಲೂ ಬಾಗಿಲಿಗೆ ಎದುರಾಗಿಯೇ ಕೂರುತ್ತಾನೆ, ಅಭ್ಯಾಸ. ಒಂದು ಸಂಜೆ ಅವಳು ಮೆಟ್ಟಿಲು ಹತ್ತಿ ಬಂದು ಹೊಸ್ತಿಲಲ್ಲಿ ನಿಂತಳು. ಬೆನ್ನ ಹಿಂದೆ ಇಳಿಬಿಸಿಲು. ಅವಳ ನೆರಳು ಕೋಣೆಯ ಉದ್ದಕ್ಕೂ ಚಾಚಿ ಅಪ್ಪನ ಎದೆಯ ಮೇಲೆ, ಮುಖದ ಮೇಲೆ ಬಿದ್ದಿತ್ತು. ಅಪ್ಪ ಕಿವಿಗೆ ತಂತಿ ಸಿಕ್ಕಿಸಿಕೊಂಡು ವಾಚಾಳಿಯ ಮಾತು ಕೇಳುತ್ತಿದ್ದ. ಕಣ್ಣು ನೇರ ಅವಳತ್ತಲೇ ಇತ್ತು. ಅವಳು ಒಂದಿಷ್ಟು ಎಡಕ್ಕೆ ಸರಿದಳು, ಬಲಕ್ಕೆ ಸರಿದಳು. ನೆರಳು ಅವನ ಮುಖದ ಮೇಲೆ ಬಂದು ಹೋಯಿತು, ಬಂದು ಹೋಯಿತು. ಅಪ್ಪ ರೆಪ್ಪೆ ಮಿಟುಕಿಸಲಿಲ್ಲ.

ಈಗ ಅವಳು ಕೊನೆಯ ಮೆಟ್ಟಿಲು ಹತ್ತುವ ಮೊದಲೇ ಹೇಳಿಬಿಡುತ್ತಾಳೆ: “ಅಪ್ಪ, ನಾನು.”